ಜಪ್ತಿಗೆ ಅವಸರಪಡು, ಹರಾಜಿಗೆ ಬೇಡ

ಮೊನ್ನೆ ಭಾನುವಾರ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದೆಯಲ್ಲ, ಚಪ್ಪಲಿ ಬಿಡುವ ಮೊದಲೇ "ಡಿಕ್ರಿ ಆಯ್ತು ದೊಡ್ಡಪ್ಪ, ಅವನ ಸೈಟು ಇನ್ನು ನಮ್ಮದೇ" ಅಂದೆ. ನಿನ್ನ ಮುಖದ ಸಂತೋಷ ನೋಡಿ ನನಗೆ ಆಗ ಬಾಯಿ ಬರಲಿಲ್ಲ. ನಾಲ್ಕು ವರ್ಷ ವಾಯಿದೆಗೆ ಅಲೆದಿದ್ದೀಯ. ಅಂಗಡಿಯನ್ನು ಹುಡುಗನ ಕೈಗೆ ಬಿಟ್ಟು ಕೋರ್ಟಿನ ವರಾಂಡದಲ್ಲಿ ನಿಂತು ಕಾಲು ಬಾವು ಬರಿಸಿಕೊಂಡಿದ್ದೀಯ. ಕಬ್ಬಿಣ, ಸಿಮೆಂಟು ಉದ್ರಿ ಒಯ್ದ ಕಂಟ್ರಾಕ್ಟರು 6,80,000 ರೂಪಾಯಿ ಕೊಡದೆ ಸತಾಯಿಸಿದಾಗ ನಿನ್ನ ಹೆಂಡತಿಯ ಬಳೆ ಬ್ಯಾಂಕಿಗೆ ಹೋದದ್ದೂ ನನಗೆ ಗೊತ್ತು. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಸೈಟು ನಿನ್ನದಾಗಿಲ್ಲ ಕಣಪ್ಪ. ಅದರ ಒಂದು ಮೂಲೆಯ ಮೇಲೂ ನಿನಗೆ ಇನ್ನೂ ಹಿಡಿತ ಬಂದಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ ಅಂತ ಬರೆದೇ ಕಳಿಸುತ್ತಿದ್ದೇನೆ.

ನಾನು ವಕೀಲನಲ್ಲ. 22 ವರ್ಷ ಕೋರ್ಟಿನಲ್ಲಿ ಬೇಲಿಫ್ ಆಗಿದ್ದವನು, ಹಳ್ಳಿಯವರ ಬಾಯಲ್ಲಿ ಅಮೀನ. ನಿವೃತ್ತನಾದ ಮೇಲೆ 10 ವರ್ಷ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮೊದಲ ಕೆಲಸದಲ್ಲಿ ಜನರ ಬಾಗಿಲು ನೋಡಿದೆ, ಎರಡನೆಯದರಲ್ಲಿ ಅವರ ಕಾಗದ ನೋಡಿದೆ. ನಿನ್ನ ವಕೀಲರ ಮಾತೇ ನಿನಗೆ ಮುಖ್ಯ. ಅವರನ್ನು ಏನು ಕೇಳಬೇಕು ಅನ್ನುವಷ್ಟು ಮಾತ್ರ ನಾನು ಹೇಳುತ್ತೇನೆ.

ನಿನ್ನ ತಂಗಿ ಅಮೆರಿಕದಿಂದ ಫೋನು ಮಾಡಿ "ತೀರ್ಪು ಬಂದರೆ ಆಸ್ತಿ ಮೇಲೆ ಲೀನ್ ಕೂತ ಹಾಗೆ" ಅಂದಳಂತೆ. ಅವಳಿರುವ ದೇಶದ ಮಟ್ಟಿಗೆ ಅದು ಸರಿ. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ತೀರ್ಪನ್ನು ಕೌಂಟಿಯ ಕಚೇರಿಯಲ್ಲಿ ದಾಖಲು ಮಾಡಿಸಿದರೆ, ಆ ಕೌಂಟಿಯೊಳಗೆ ಸಾಲಗಾರನ ಹೆಸರಿನಲ್ಲಿರುವ ಮನೆ, ಜಾಗದ ಮೇಲೆ ಅದು ಭಾರವಾಗಿ ಕೂರುತ್ತದೆ. ಆಮೇಲೆ ಅವನು ಮಾರಹೊರಟರೆ ಆ ಭಾರ ಕಳೆಯದೆ ಮಾರುವುದು ಕಷ್ಟ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ 1908ರ ಸಿಪಿಸಿ, ಹಾಗೆ ಹೇಳುವುದಿಲ್ಲ. ಹಣದ ಡಿಕ್ರಿ ನಮ್ಮಲ್ಲಿ ಯಾರ ಜಮೀನಿಗೂ ತಾನಾಗಿ ಅಂಟಿಕೊಳ್ಳುವುದಿಲ್ಲ. ನೀನು ಎಕ್ಸಿಕ್ಯೂಷನ್ ಅರ್ಜಿ ಹಾಕಬೇಕು, ಕೋರ್ಟು ಜಪ್ತಿ ಆದೇಶ ಮಾಡಬೇಕು, ಅಮೀನ ಆ ಜಾಗಕ್ಕೆ ಹೋಗಿ ಅದನ್ನು ಸಾರಬೇಕು. ಅಷ್ಟಾಗುವವರೆಗೆ ಆ ಕಂಟ್ರಾಕ್ಟರು ಸೈಟನ್ನು ಯಾರಿಗಾದರೂ ಮಾರಬಹುದು, ಬ್ಯಾಂಕಿಗೆ ಅಡವಿಡಬಹುದು. ನಿನ್ನ ಡಿಕ್ರಿ ನಿನ್ನ ಬೀರುವಿನಲ್ಲೇ ಇರುತ್ತದೆ.

ಬಟ್ಟೆ ಅಂಗಡಿಯವರೊಬ್ಬರಿದ್ದರು. ಡಿಕ್ರಿಯ ನಕಲಿಗೆ ಲ್ಯಾಮಿನೇಷನ್ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಿದ್ದರು. ಡಿಕ್ರಿ ಜಾರಿಗೆ 12 ವರ್ಷ ಅವಧಿ ಇದೆ ಅಂತ ಯಾರೋ ಹೇಳಿದ್ದರು. ಅದು ಸುಳ್ಳಲ್ಲ, 1963ರ ಲಿಮಿಟೇಷನ್ ಕಾಯ್ದೆಯ 136ನೇ ಆರ್ಟಿಕಲ್ ಅಷ್ಟು ಕಾಲ ಕೊಡುತ್ತದೆ. ಅವರು ಒಂಬತ್ತನೇ ವರ್ಷ ಮಗಳ ಮದುವೆಗೆ ಹಣ ಬೇಕಾದಾಗ ಅದನ್ನು ತೆಗೆದುಕೊಂಡು ನಮ್ಮ ಆಫೀಸಿಗೆ ಬಂದರು. ಅಷ್ಟರಲ್ಲಿ ಸಾಲಗಾರನ ಮನೆ ಎರಡು ಕೈ ದಾಟಿತ್ತು. ಕೊನೆಗೆ ಕೊಂಡವರು ಮೇಲೆ ಮಹಡಿ ಕಟ್ಟಿ, ಬಾಡಿಗೆಗೂ ಕೊಟ್ಟಿದ್ದರು. ಅವರ ತಪ್ಪೇನೂ ಇರಲಿಲ್ಲ, ಹಣ ಕೊಟ್ಟು ರಿಜಿಸ್ಟರ್ ಮಾಡಿಸಿಕೊಂಡಿದ್ದರು. ಬಟ್ಟೆ ಅಂಗಡಿಯವರು ಆ ಲ್ಯಾಮಿನೇಷನ್ ಹಾಳೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲಿನ ಒಣಗಿದ ಕುಂಕುಮವನ್ನು ಉಗುರಿನಲ್ಲಿ ಕೆರೆಯುತ್ತಾ ಕೂತಿದ್ದರು. ಅವರಿಗೆ ಏನು ಹೇಳುವುದೆಂದು ನನಗಾಗಲಿ ನಮ್ಮ ವಕೀಲರಿಗಾಗಲಿ ತೋಚಲಿಲ್ಲ.

ಅದಕ್ಕೇ ಹೇಳುವುದು, ಜಪ್ತಿಗೆ ಅವಸರಪಡು. ಹರಾಜಿಗೆ ಅವಸರಪಡಬೇಡ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಕಾಗದ ನೋಡುವುದಕ್ಕೆ, ಜಪ್ತಿ ಮಾಡಿಸುವುದಕ್ಕೆ ಆಲಸ್ಯ. ಜಪ್ತಿ ಆದ ಮಾರನೇ ದಿನದಿಂದ "ಹರಾಜು ಯಾವಾಗ, ಹರಾಜು ಯಾವಾಗ" ಅಂತ ವಕೀಲರ ಜೀವ ತಿನ್ನುತ್ತಾರೆ.

ಮೊದಲು ಕಾಗದ. ಆ ಸೈಟಿನ ಮೇಲೆ ಋಣಭಾರ ಪತ್ರ ತೆಗೆಸು, ಜನ ಇಸಿ ಅನ್ನುವುದು ಅದನ್ನೇ. ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ವಹಿವಾಟು ಇದ್ದರೆ ಫಾರಂ 15 ಬರುತ್ತದೆ, ಇಲ್ಲದಿದ್ದರೆ ಫಾರಂ 16. ಅದರಲ್ಲಿ ಬ್ಯಾಂಕಿನ ಅಡಮಾನ ಇದೆಯೇ ನೋಡು. ಇದ್ದರೆ ಬ್ಯಾಂಕು ನಿನಗಿಂತ ಮುಂದೆ ನಿಂತಿರುತ್ತದೆ, ಅದರ ಸಾಲ ಕಳೆದು ಉಳಿದದ್ದಷ್ಟೇ ನಿನ್ನ ಪಾಲಿಗೆ. 30 ಲಕ್ಷದ ಸೈಟಿನ ಮೇಲೆ 28 ಲಕ್ಷದ ಬ್ಯಾಂಕ್ ಸಾಲವಿದ್ದರೆ, ಜಪ್ತಿ ಮಾಡಿಸಿ ನೀನು ಗೆಲ್ಲುವುದೇನಿದೆ? ರಿಜಿಸ್ಟರ್ ಆದ ಕ್ರಯದ ಕರಾರು ಇದೆಯೇ ಅಂತಲೂ ನೋಡು. ಸಿಪಿಸಿಯ 2002ರ ತಿದ್ದುಪಡಿಯ ನಂತರ, ಜಪ್ತಿಗೆ ಮೊದಲೇ ಕರಾರು ಮಾಡಿ ರಿಜಿಸ್ಟರ್ ಮಾಡಿಸಿದ್ದರೆ, ಅದರ ಪ್ರಕಾರ ಆಮೇಲೆ ನಡೆಯುವ ಮಾರಾಟವನ್ನು ನಿನ್ನ ಜಪ್ತಿ ತಡೆಯಲಾರದು. ಅವನಿಗೆ ಹೊಲವೂ ಇದೆ ಅಂದೆಯಲ್ಲ, ಅದರ ಪಹಣಿಯಲ್ಲಿ 11ನೇ ಕಾಲಂ ಓದು. ಋಣ, ತಕರಾರು ಏನಾದರೂ ದಾಖಲಾಗಿದ್ದರೆ ಅಲ್ಲೇ ಕಾಣಬೇಕು.

ಇನ್ನೂ ಏನೇನು ಆಸ್ತಿ ಇದೆಯೋ ಗೊತ್ತಿಲ್ಲ ಅಂತ ಕೈ ಕಟ್ಟಿ ಕೂರಬೇಡ. ಆಸ್ತಿಪಾಸ್ತಿಯ ಅಫಿಡವಿಟ್ ಹಾಕು ಅಂತ ಅವನಿಗೇ ಕೋರ್ಟಿನಿಂದ ಹೇಳಿಸಬಹುದು. ಆರ್ಡರ್ 21, ರೂಲ್ 41 ಅದಕ್ಕೇ ಇರುವುದು. ಆ ಆದೇಶ ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆ. ಎಷ್ಟೋ ಜನ ಡಿಕ್ರಿದಾರರು ಇದನ್ನು ಕೇಳುವುದೇ ಇಲ್ಲ.

ಇನ್ನೊಂದು ವಿಷಯ ನಿನ್ನ ವಕೀಲರು ಹೇಳಿರಬಹುದು. ಡಿಕ್ರಿ ನಮ್ಮೂರ ಕೋರ್ಟಿನದು, ಸೈಟು ಮಾಗಡಿಯದು. ತನ್ನ ವ್ಯಾಪ್ತಿಯ ಹೊರಗಿರುವ ಆಸ್ತಿಯನ್ನು ನಮ್ಮ ಕೋರ್ಟು ಜಪ್ತಿ ಮಾಡಿ ಮಾರಲಾರದು. ಡಿಕ್ರಿಯನ್ನು ಅಲ್ಲಿಯ ಕೋರ್ಟಿಗೆ ವರ್ಗ ಮಾಡಿಸಬೇಕು. ಇದನ್ನು ಗಮನಿಸದೆ ಇಲ್ಲೇ ಅರ್ಜಿ ಹಾಕಿ ಒಂದು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ.

ಆ ಸೈಟು ಅವನ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಅನ್ನುವುದನ್ನು ಈ ವಾರವೇ ತಿಳಿದುಕೋ. ಒಟ್ಟು ಕುಟುಂಬದ್ದಾದರೆ ನಿನ್ನ ಹಿಡಿತ ಅವನ ಪಾಲಿನ ಮೇಲೆ ಮಾತ್ರ. ಆ ಪಾಲು ಈಗ ಹಿಂದಿನಷ್ಟು ದೊಡ್ಡದಿರುವುದಿಲ್ಲ. ನಮ್ಮ ರಾಜ್ಯದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರ ಸೆಪ್ಟೆಂಬರ್ 9ರಿಂದಲೂ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲುಂಟು. ಅವನಿಗೆ ಇಬ್ಬರು ಅಕ್ಕಂದಿರಿದ್ದರೆ ಅವರನ್ನೂ ಲೆಕ್ಕಕ್ಕೆ ಹಿಡಿ. ಪಾಲನ್ನು ಹರಾಜಿನಲ್ಲಿ ಕೊಂಡವನು ವಿಭಾಗದ ದಾವೆ ಹೂಡಿ ಇನ್ನೊಂದು ಸುತ್ತು ಕೋರ್ಟು ಹತ್ತಬೇಕು. ಅಪ್ಪನ ಸಾಲ ಮಗ ತೀರಿಸಲೇಬೇಕು ಅನ್ನುವ ಹಳೆಯ ಧಾರ್ಮಿಕ ಕಟ್ಟುಪಾಡನ್ನೂ 2005ರ ಆ ತಿದ್ದುಪಡಿ ಅಲ್ಲಿಂದಾಚೆಗಿನ ಸಾಲಗಳಿಗೆ ತೆಗೆದುಹಾಕಿದೆ. ಆದ್ದರಿಂದ ಅವನ ಮಕ್ಕಳ ಪಾಲಿನ ಆಸೆ ಇಟ್ಟುಕೊಳ್ಳಬೇಡ.

ಮುಟ್ಟಬಾರದ ಆಸ್ತಿಗಳೂ ಇವೆ. ಸಿಪಿಸಿಯ 60ನೇ ಸೆಕ್ಷನ್ ಓದಿದರೆ ಗೊತ್ತಾಗುತ್ತದೆ. ಬೇಸಾಯಗಾರ ತಾನು ವಾಸಿಸುವ ಮನೆ, ಅವನ ನೇಗಿಲು, ಬಿತ್ತನೆ ಬೀಜ, ದುಡಿಯುವ ಎತ್ತು, ಅಡುಗೆಯ ಪಾತ್ರೆ, ಹಾಸಿಗೆ, ಹೆಣ್ಣುಮಗಳ ಮೈಮೇಲಿನ ಮಾಂಗಲ್ಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ನಮ್ಮ ರಾಜ್ಯದ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ನಿಲ್ಲುತ್ತದೆ, ಕೋರ್ಟಿನ ಹರಾಜಿನಲ್ಲಿ ಆಗುವ ಮಾರಾಟಕ್ಕೂ ಆ ಕಾಯ್ದೆ ಅನ್ವಯಿಸುತ್ತದೆ. ಅವನು ಹೊಲ ಕೊಂಡದ್ದು ಯಾರಿಂದ, ಅದರ ಮೂಲ ಮಂಜೂರಾತಿ ಯಾರದು ಅಂತ ತಿಳಿಯದೆ ಅದರ ಕಡೆ ಕೈ ಚಾಚಬೇಡ.

ಇನ್ನು ಜಪ್ತಿ. ನಾನು ನೂರಾರು ಮಾಡಿದ್ದೇನೆ, ಒಂದೂ ಸುಲಭವಾಗಿರಲಿಲ್ಲ. ಕೈಯಲ್ಲಿ ವಾರೆಂಟು, ಚೀಲದಲ್ಲಿ ಗೋಂದಿನ ಸೀಸೆ, ಜೊತೆಗೆ ತಮಟೆಯವನು. ಚೆಕ್ಕುಬಂದಿ ಹೊಂದಿಸಿ ನೋಡಬೇಕು, ತಮಟೆ ಬಾರಿಸಿ ಸಾರಬೇಕು, ಎದ್ದು ಕಾಣುವ ಜಾಗದಲ್ಲಿ ಆದೇಶದ ಪ್ರತಿ ಅಂಟಿಸಬೇಕು, ಪಂಚರ ಸಹಿ ಹಾಕಿಸಿ ಮಹಜರು ಬರೆಯಬೇಕು. ಕೋರ್ಟಿನ ಬೋರ್ಡಿಗೆ ಒಂದು ಪ್ರತಿ, ಕಂದಾಯದ ಜಮೀನಾದರೆ ಕಲೆಕ್ಟರ ಕಚೇರಿಗೊಂದು, ಹಳ್ಳಿಯದಾದರೆ ಗ್ರಾಮ ಪಂಚಾಯಿತಿಗೂ ಒಂದು. ಒಮ್ಮೆ ಶ್ರಾವಣದ ಶುಕ್ರವಾರ ಒಂದು ಮನೆಗೆ ಹೋದೆ. ಆ ತಾಯಿ ಆಗಷ್ಟೇ ಹೊಸ್ತಿಲು ತೊಳೆದು ಅರಿಶಿನ ಬಳಿದು ರಂಗೋಲಿ ಇಟ್ಟಿದ್ದರು. ನಾನು ಬಾಗಿಲಿಗೆ ಗೋಂದು ಸವರಲು ಹೊರಟಾಗ "ಅಮೀನಪ್ಪ, ಬಾಗಿಲಿಗೆ ಬೇಡ, ಪಕ್ಕದ ಗೋಡೆಗೆ ಅಂಟಿಸಿ. ಅದೂ ಎದ್ದೇ ಕಾಣುತ್ತೆ" ಅಂದರು. ಗೋಡೆಗೆ ಅಂಟಿಸಿದೆ. ಕಾನೂನಿಗೆ ಕೊರತೆ ಆಗಲಿಲ್ಲ. ಮನೆ ಬಿಟ್ಟು ಬರುವಾಗ ಅವರು ಒಂದು ಲೋಟ ಮಜ್ಜಿಗೆ ಕೊಟ್ಟರು. ನೀನು ಜಪ್ತಿಗೆ ಜಾಗ ತೋರಿಸಲು ಅಮೀನನ ಜೊತೆ ಹೋಗಬೇಕಾಗುತ್ತದೆ, ಆ ದಿನ ಅವನ ಮನೆಯವರ ಮುಂದೆ ದನಿ ಎತ್ತಬೇಡ.

ಜಪ್ತಿ ಆದ ಮೇಲೆ ಸಿಪಿಸಿಯ 64ನೇ ಸೆಕ್ಷನ್ ನಿನ್ನ ಕಾವಲಿಗೆ ಬರುತ್ತದೆ. ಆಮೇಲೆ ಅವನು ಖಾಸಗಿಯಾಗಿ ಮಾರಿದರೂ, ದಾನ ಕೊಟ್ಟರೂ, ಜಪ್ತಿಯಿಂದ ನಿನಗಿರುವ ಹಕ್ಕಿನ ಎದುರು ಅದು ನಿಲ್ಲುವುದಿಲ್ಲ. ಆದೇಶದ ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಗೂ ಹೋಗುವಂತೆ ನಿನ್ನ ವಕೀಲರಿಂದ ಕೇಳಿಸು, ಕೊಳ್ಳಲು ಬಂದ ಅಮಾಯಕರಾದರೂ ಉಳಿಯಲಿ. ಹಾಗಂತ ಜಪ್ತಿ ಮಾಡಿಸಿದ್ದರಿಂದ ಆ ಆಸ್ತಿ ಪೂರ್ತಿ ನಿನಗೇ ಮೀಸಲು ಅಂದುಕೊಳ್ಳಬೇಡ. ಹರಾಜಿನ ಹಣ ಕೋರ್ಟಿಗೆ ಬರುವ ಮೊದಲು ಅವನ ಮೇಲೆ ಡಿಕ್ರಿ ಪಡೆದ ಇನ್ನೊಬ್ಬರು ಅದೇ ಕೋರ್ಟಿನಲ್ಲಿ ಜಾರಿಗೆ ಅರ್ಜಿ ಹಾಕಿದ್ದರೆ, 73ನೇ ಸೆಕ್ಷನ್ ಪ್ರಕಾರ ಹಣವನ್ನು ಬಾಕಿಗೆ ತಕ್ಕಂತೆ ಹಂಚುತ್ತಾರೆ. ನೀನು ಮೊದಲು ಜಪ್ತಿ ಮಾಡಿಸಿದೆ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಜಪ್ತಿಯ ಮರುದಿನವೇ ಅವನ ಹೆಂಡತಿಯೋ ತಮ್ಮನೋ ತಕರಾರು ಅರ್ಜಿ ಹಾಕಿದರೆ ಗಾಬರಿಯಾಗಬೇಡ. ಅದೇ ಆರ್ಡರ್ 21ರ ರೂಲ್ 58ರ ಕೆಳಗೆ ಅದೇ ಕೋರ್ಟು ವಿಚಾರಣೆ ಮಾಡಿ ತೀರ್ಮಾನಿಸುತ್ತದೆ. ದಾವೆ ಹಾಕಿದ ಮೇಲೆ ಅವನು ಹೆಂಡತಿಗೆ ದಾನಪತ್ರ ಬರೆದಿದ್ದರೆ, ಸಾಲ ಕೊಟ್ಟವರನ್ನು ತಪ್ಪಿಸಲೆಂದೇ ಬರೆದದ್ದು ಅಂತ ತೋರಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಸೆಕ್ಷನ್ ಇದೆ. ಆದರೆ ನಿಜವಾಗಿಯೂ ಅವಳ ತವರಿನ ಹಣದಲ್ಲಿ ಕೊಂಡದ್ದಾದರೆ ಅದರ ಹಿಂದೆ ಬೀಳಬೇಡ. ಕೋರ್ಟಿನಲ್ಲಿ ಸೋಲುವುದು ಇರಲಿ, ಅದು ನಮಗೆ ಸೇರಿದ್ದೂ ಅಲ್ಲ.

ಈಗ ಹೇಳುವುದನ್ನು ಎರಡು ಸಲ ಓದು. ಜಪ್ತಿ ಆದ ಮೇಲೆ ನಿನ್ನ ಎಕ್ಸಿಕ್ಯೂಷನ್ ಅರ್ಜಿ ವಜಾ ಆದರೆ, ಅದು ವಾಯಿದೆಗೆ ಹೋಗದೆ ಆಗಿರಲಿ, ಅಮೀನನ ಖರ್ಚಿನ ಬ್ಯಾಟಾ ಕಟ್ಟದೆ ಆಗಿರಲಿ, ಜಪ್ತಿ ಮುಂದುವರಿಯುತ್ತದೋ ಇಲ್ಲವೋ ಅಂತ ಕೋರ್ಟು ಹೇಳಬೇಕು. ಹೇಳದಿದ್ದರೆ ಜಪ್ತಿ ನಿಂತುಹೋಯಿತು ಅಂತಲೇ ಅರ್ಥ, ರೂಲ್ 57 ಹಾಗನ್ನುತ್ತದೆ. ನಮ್ಮ ಆಫೀಸಿಗೆ ಬಂದ ಒಬ್ಬ ಕೊಬ್ಬರಿ ವ್ಯಾಪಾರಿಗೆ ಹೀಗೇ ಆಯಿತು. ಸುಗ್ಗಿಯ ಕಾಲ, ಎರಡು ವಾಯಿದೆ ತಪ್ಪಿತು, ಬ್ಯಾಟಾ ಕಟ್ಟಿರಲಿಲ್ಲ, ಅರ್ಜಿ ವಜಾ. ಅವರಿಗೆ ಸುದ್ದಿ ಗೊತ್ತಾದದ್ದು ಸಾಲಗಾರನ ತೋಟಕ್ಕೆ ಹೊಸಬರು ಬೇಲಿ ಹಾಕಿಸುತ್ತಿದ್ದಾಗ. ಅಂಗಡಿಯ ಗೋಡೆಗೆ ಕ್ಯಾಲೆಂಡರ್ ಇದೆಯಲ್ಲ, ವಾಯಿದೆಯ ದಿನಗಳಿಗೆಲ್ಲ ಕೆಂಪು ಗುರುತು ಹಾಕು.

ಇಷ್ಟು ಮಾಡಿಯಾದ ಮೇಲೆ ಹರಾಜಿನ ವಿಷಯಕ್ಕೆ ಸ್ವಲ್ಪ ತಾಳು. ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ, ನಮ್ಮ ಬೆಂಗಳೂರಿನ ಮೈಸೂರು ರಸ್ತೆಯ ಜಾಗದ ವ್ಯಾಜ್ಯದಲ್ಲೇ, ಡಿಕ್ರಿ ಜಾರಿಯ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಎಂದು ಹೇಳಿದೆ. ಆದರೂ 2025ರಲ್ಲಿ ಅದೇ ನ್ಯಾಯಾಲಯ ಲೆಕ್ಕ ತರಿಸಿದಾಗ ದೇಶದಲ್ಲಿ 8,80,000ಕ್ಕೂ ಹೆಚ್ಚು ಅರ್ಜಿಗಳು ಬಾಕಿ ಇದ್ದವು. ಡಿಕ್ರಿ ಸಿಕ್ಕಿದ ಮೇಲೆಯೇ ಇಲ್ಲಿನ ಕಕ್ಷಿಗಾರನ ಕಷ್ಟ ಶುರುವಾಗುವುದು ಎಂದು ಪ್ರಿವಿ ಕೌನ್ಸಿಲಿನವರು 1872ರಲ್ಲೇ ಗುರುತಿಸಿದ್ದರು. ಕೋರ್ಟು ತಡಮಾಡದಂತೆ ನೀನು ಒತ್ತಾಯಿಸುವುದು ಸರಿಯೇ. ನಾನು ತಾಳು ಅನ್ನುವುದು ಬೇರೆ ಕಾರಣಕ್ಕೆ.

ಹರಾಜಿನ ಹಾದಿಯಲ್ಲಿ ಒಂದೊಂದು ಹೆಜ್ಜೆಗೂ ನಿಯಮವಿದೆ. ಹರಾಜು ಪ್ರಕಟಣೆಯಲ್ಲಿ ಆಸ್ತಿಯ ವಿವರ, ಅದರ ಮೇಲಿನ ಭಾರ, ಎರಡೂ ಕಡೆಯವರು ಹೇಳುವ ಬೆಲೆ ಇರಬೇಕು. ಅದನ್ನು ಅಂಟಿಸಿ ಕನಿಷ್ಠ 15 ದಿನ ಕಳೆಯಬೇಕು. ಕೂಗಿದವನು ಅಲ್ಲೇ ಕಾಲು ಭಾಗ ಕಟ್ಟಬೇಕು, ಉಳಿದದ್ದನ್ನು 15 ದಿನದೊಳಗೆ. ಮಾರಾಟ ಆದ ಮೇಲೂ 60 ದಿನದೊಳಗೆ ಸಾಲಗಾರ ನಿನ್ನ ಬಾಕಿಯನ್ನೂ, ಕೊಂಡವನಿಗೆ ಬೆಲೆಯ ನೂರಕ್ಕೆ 5ರಷ್ಟನ್ನೂ ಕಟ್ಟಿದರೆ ಮಾರಾಟ ರದ್ದು. ಅವಸರದಲ್ಲಿ ಒಂದು ನೋಟಿಸು ತಪ್ಪಿದರೂ, ಅದರಿಂದ ತನಗೆ ದೊಡ್ಡ ನಷ್ಟವಾಯಿತೆಂದು ಅವನು ತೋರಿಸಿದರೆ, ವರ್ಷಗಳಾದ ಮೇಲೂ ಎಲ್ಲ ಮೊದಲಿನಿಂದ.

ಇದಕ್ಕಿಂತ ದೊಡ್ಡ ಮಾತು ರೂಲ್ 64ರಲ್ಲಿದೆ. ನಿನ್ನ ಬಾಕಿ ತೀರಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಮಾರಬೇಕು. ಸಣ್ಣ ಡಿಕ್ರಿಗೆ ಹತ್ತು ಎಕರೆ ಮಾರಿದ್ದನ್ನು ಸುಪ್ರೀಂ ಕೋರ್ಟು 1989ರಲ್ಲಿ ಒಪ್ಪಲಿಲ್ಲ. ಇದು ಕೋರ್ಟಿನ ಇಷ್ಟಕ್ಕೆ ಬಿಟ್ಟದ್ದಲ್ಲ, ಅದರ ಕರ್ತವ್ಯ ಅಂದಿತು. ಬಡ್ಡಿ, ಖರ್ಚು ಸೇರಿ ನಿನಗೆ ಬರಬೇಕಾದದ್ದು ಒಂಬತ್ತು ಲಕ್ಷ ಅಂತಿಟ್ಟುಕೋ. ಸೈಟು, ಹೊಲ, ಮನೆ ಮೂರನ್ನೂ ಪಟ್ಟಿಗೆ ಸೇರಿಸು ಅಂತ ನಿನ್ನ ಸ್ನೇಹಿತರು ಹುರಿದುಂಬಿಸುತ್ತಾರೆ. ಸೇರಿಸಬೇಡ. ಅವನು ನಿನಗೆ ಮಾಡಿದ್ದು ಮೋಸವೇ ಇರಲಿ, ನಿನ್ನ ಹಕ್ಕು ಬಾಕಿಯಷ್ಟಕ್ಕೇ.

ಹರಾಜಿನಲ್ಲಿ ಬೆಲೆಯೂ ಬರುವುದಿಲ್ಲ ಕಣಪ್ಪ. ಊರವರು ಊರವನ ಆಸ್ತಿ ಕೂಗುವುದಿಲ್ಲ, ನಾಳೆ ಮುಖ ನೋಡಬೇಕಲ್ಲ. ಕೋರ್ಟಿನ ಅಪ್ಪಣೆ ಇಲ್ಲದೆ ನೀನೂ ಕೂಗುವಂತಿಲ್ಲ. ಅಪ್ಪಣೆ ಪಡೆದು ಕೂಗಿ ನೀನೇ ಕೊಂಡರೂ, ಮಾರಾಟ ಖಾಯಂ ಆದ ಒಂದು ವರ್ಷದೊಳಗೆ ಸ್ವಾಧೀನಕ್ಕೆ ಅರ್ಜಿ ಹಾಕಬೇಕು. ಅಲ್ಲಿ ಯಾರಾದರೂ ಅಡ್ಡ ಮಲಗಿದರೆ ಮತ್ತೊಂದು ವಿಚಾರಣೆ. ನಿನಗೆ ಬೇಕಾದದ್ದು ಹಣ, ಅಂಗಡಿಗೆ ಮಾಲು ಹಾಕಲು. ಮಾಗಡಿಯ ಸೈಟಿನಲ್ಲಿ ನಿನಗೇನು ಕೆಲಸ?

ನಾನೇ ನಡೆಸಿದ ಒಂದು ಹರಾಜು ಹೇಳುತ್ತೇನೆ. ಕೋರ್ಟಿನ ಮುಂದಿನ ಹೊಂಗೆ ಮರದ ಕೆಳಗೆ ಮೇಜು ಹಾಕಿದ್ದೆ. ಎರಡು ಎಕರೆ ಖುಷ್ಕಿ. ಪಕ್ಕದ ಊರಿನ ಒಬ್ಬರು ಕೂಗಿದರು, ಅರ್ಧ ಬೆಲೆಗೂ ಕಡಿಮೆ. "ಒಂದು ಸಾರಿ" ಅಂದೆ. "ಎರಡು ಸಾರಿ" ಅಂದೆ. ಗೇಟಿನ ಕಡೆಯಿಂದ ಸಾಲಗಾರನ ಮಗ ಓಡಿ ಬಂದ, ಇಪ್ಪತ್ತೆರಡು ವರ್ಷ ಇರಬಹುದು, ಕಂಕುಳಲ್ಲಿ ರೇಷನ್ನಿನ ಬಟ್ಟೆ ಚೀಲ. "ನಿಲ್ಲಿಸಿ ಸಾರ್" ಅಂತ ಮೇಜಿನ ಮೇಲೆ ಹಣ ಸುರಿದ. ಹರಾಜು ಮುಗಿದ ಕೂಗು ಬೀಳುವ ಮೊದಲು ಬಾಕಿ, ಖರ್ಚು ಪೂರ್ತಿ ತಂದಿಟ್ಟರೆ ಹರಾಜು ನಿಲ್ಲಿಸಲೇಬೇಕು, ಅದೂ ನಿಯಮ. ಹತ್ತರ ನೋಟು, ಐವತ್ತರ ನೋಟು, ಎಣಿಸಲು ಒಂದು ಗಂಟೆ ಹಿಡಿಯಿತು. ಹುಡುಗ ಹಸು ಮಾರಿದ್ದ, ತಾಯಿಯ ಓಲೆ ಮಾರಿದ್ದ. ಡಿಕ್ರಿದಾರರು ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಎಣಿಕೆ ಮುಗಿದ ಮೇಲೆ ಅವರು ಹುಡುಗನ ಹೆಗಲ ಮೇಲೆ ಕೈಯಿಟ್ಟು "ಮೊದಲೇ ಹೇಳಿದ್ದರೆ ಹಸು ಮಾರದ ಹಾಗೆ ಏನಾದರೂ ದಾರಿ ನೋಡಬಹುದಿತ್ತಲ್ಲೋ" ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಆ ದಾರಿ ಕಾನೂನಿನಲ್ಲೇ ಇದೆ, ರೂಲ್ 83. ತಾನೇ ಒಳ್ಳೆಯ ಬೆಲೆಗೆ ಮಾರಿಯೋ ಅಡವಿಟ್ಟೋ ಬಾಕಿ ತೀರಿಸುತ್ತೇನೆ ಅಂತ ಸಾಲಗಾರ ನಂಬಿಕೆ ಹುಟ್ಟಿಸಿದರೆ, ಕೋರ್ಟು ಹರಾಜು ಮುಂದೂಡಿ ಅವನಿಗೆ ಸರ್ಟಿಫಿಕೇಟು ಕೊಡಬಹುದು. ಕೊಳ್ಳುವವನು ಹಣವನ್ನು ಅವನ ಕೈಗೆ ಕೊಡುವಂತಿಲ್ಲ, ಕೋರ್ಟಿಗೆ ಕಟ್ಟಬೇಕು. ಕೋರ್ಟು ಒಪ್ಪಿದ ಮೇಲೆಯೇ ಆ ಮಾರಾಟ ಪಕ್ಕಾ. ಜಪ್ತಿ ನಿನ್ನ ಕೈಯಲ್ಲಿ ಭದ್ರವಾಗಿರುವಾಗ ಇದಕ್ಕೆ ಒಪ್ಪಿಕೊಳ್ಳಲು ನಿನಗೇನು ಭಯ? ಮೂರು ತಿಂಗಳು ಕೊಡು. ಮಾರುಕಟ್ಟೆ ಬೆಲೆಗೆ ಹೋದರೆ ನಿನ್ನ ಬಾಕಿ ಪೂರ್ತಿ ಬರುತ್ತದೆ, ಅವನಿಗೂ ಉಳಿದದ್ದು ಸಿಗುತ್ತದೆ. ಲೋಕ ಅದಾಲತ್ತಿನಲ್ಲಿ ಕಂತು ಮಾಡಿಕೊಳ್ಳುವುದೂ ಆದೀತು, ಆದರೆ ಜಪ್ತಿ ತೆಗೆಯುವುದು ಕೊನೆಯ ಕಂತು ಬಂದ ಮೇಲೆ ಅಂತ ಬರೆಸಿಕೋ.

ಅವನನ್ನು ಒಳಗೆ ಹಾಕಿಸಬೇಕು ಅನ್ನುವ ಮಾತು ನಿನ್ನ ಬಾಯಲ್ಲಿ ಬಂತು ಮೊನ್ನೆ. ಇದ್ದೂ ಕೊಡದವನಿಗೆ ಸಿವಿಲ್ ಸೆರೆ ಉಂಟು. ಇಲ್ಲದವನನ್ನು ಬಡತನಕ್ಕಾಗಿ ಸೆರೆಗೆ ಕಳಿಸಬಾರದು ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಆಸ್ತಿ ಕಣ್ಣಿಗೆ ಕಾಣುತ್ತಿರುವಾಗ ಅದರ ಯೋಚನೆ ಬಿಡು.

ಅವನು ಅಂಗಡಿಗೇ ಬಂದು ಐವತ್ತು ಸಾವಿರ ಕೊಟ್ಟ ಅಂತಿಟ್ಟುಕೋ. ತೆಗೆದುಕೋ, ರಸೀದಿ ಕೊಡು, ಮುಂದಿನ ವಾಯಿದೆಯಲ್ಲಿ ಕೋರ್ಟಿಗೆ ತಿಳಿಸಿ ದಾಖಲು ಮಾಡಿಸು. ದಾಖಲಾಗದ ಹಣವನ್ನು ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು ಪಡೆದ ಹಣವನ್ನು ಇನ್ನೊಮ್ಮೆ ವಸೂಲಿ ಮಾಡಿದವರಿದ್ದಾರೆ. ನಮ್ಮ ಮನೆಯವರು ಹಾಗೆ ಮಾಡಿದರು ಅನ್ನುವ ಮಾತು ಬರಕೂಡದು.

ಮುಂದೆ ಇಂಥ ದಾವೆ ಹಾಕುವ ಪ್ರಸಂಗ ಬಂದರೆ, ಎದುರಾಳಿ ಆಸ್ತಿ ಸಾಗಿಸುವ ಲಕ್ಷಣ ಕಂಡ ಕೂಡಲೇ ತೀರ್ಪಿಗೆ ಮುಂಚಿನ ಜಪ್ತಿಗೆ ಅರ್ಜಿ ಹಾಕಿಸು. ಆರ್ಡರ್ 38, ರೂಲ್ 5. ಅನುಮಾನ ಮಾತ್ರ ಸಾಲದು, ಅವನು ಮಾರಲು ಹೊರಟಿರುವುದಕ್ಕೆ ಆಧಾರ ತೋರಿಸಬೇಕು. ಆ ಜಪ್ತಿ ಸಿಕ್ಕಿದರೆ ಡಿಕ್ರಿ ಆದ ಮೇಲೆ ಮತ್ತೆ ಜಪ್ತಿ ಮಾಡಿಸುವ ಕೆಲಸವಿಲ್ಲ.

ನಾಳೆ ಸೋಮವಾರ. ಅಂಗಡಿ ತೆರೆಯುವ ಮೊದಲು ಇಸಿಗೆ ಅರ್ಜಿ ಹಾಕು. ಡಿಕ್ರಿಯ ಸರ್ಟಿಫೈಡ್ ನಕಲಿಗೂ ನಾಳೆಯೇ ಅರ್ಜಿ ಕೊಡು, ವರ್ಗಾವಣೆಗೆ ಅದು ಬೇಕು. ಕಾಗದ ಬಂದ ಮೇಲೆ ಇಲ್ಲಿಗೆ ತಾ, ನಿನ್ನ ವಕೀಲರ ಹತ್ತಿರ ಹೋಗುವ ಮೊದಲು ಇಬ್ಬರೂ ಕೂತು ಚೆಕ್ಕುಬಂದಿ ಹೊಂದಿಸಿ ನೋಡೋಣ. ದೊಡ್ಡಮ್ಮ ನಿನಗೆ ಅಕ್ಕಿರೊಟ್ಟಿ ಮಾಡುತ್ತೇನೆ ಅಂದಿದ್ದಾಳೆ, ಬೆಳಿಗ್ಗೆಯೇ ಬಾ.